ಗೊಂಬೆಯ ಅಚ್ಚಿಗೆ ಸಿಕ್ಕಿಬಿದ್ದ ಆಟ

ನಾಯಕ ಓಡಿ ಬಂದು ಮೊಣಕಾಲೂರುತ್ತಾನೆ. ಹೆಗಲ ಕಂಬಳಿ ಅವನ ತೊಡೆಯೊಳಗೆ ಹೊಕ್ಕು ಆಚೆ ಬದಿಗೆ ಬರುತ್ತದೆ. ಪುಣೆಯ ಹಿಂಜವಡಿಯಲ್ಲಿ ವಿಡಿಯೊ ಗೇಮ್ ಪರೀಕ್ಷಕರ ತಂಡ ನಡೆಸುತ್ತಿದ್ದಾಗ ಈ ದೋಷವನ್ನು ದಾಖಲಿಸಿದವನು ನಾನೇ. ಆ ಪಾತ್ರವನ್ನು ರೂಪಿಸಿದ ಕಲಾವಿದೆ ವಿಜಯಪುರದ ಹುಡುಗಿ. “ಸರ್, ಕಂಬಳಿಯನ್ನು ಸೊಂಟದವರೆಗೆ ಮೋಟು ಮಾಡಿದರೆ ಎರಡು ದಿನದ ಕೆಲಸ” ಎಂದಳು. ಮಾಡುವಂತಿರಲಿಲ್ಲ. ಆಟದ ಜೊತೆ ಅಂಗಡಿಯಲ್ಲಿ ಮಾರಲೆಂದು, ಹಿಮ್ಮಡಿಯವರೆಗೆ ಇಳಿಬಿದ್ದ ಕಂಬಳಿಯ ನಾಯಕನ ಗೊಂಬೆಗೆ ಆಗಲೇ ಉಕ್ಕಿನ ಅಚ್ಚು ಕೊರೆದಾಗಿತ್ತು.

ಗೊಂಬೆ, ಅಂಗಿ, ಕೀ ಚೈನ್ ಮಾರಲು ಹೊರಟರೆ ಆಟದ ಮೇಲಿನ ಗಮನ ತಪ್ಪುವುದಿಲ್ಲವೇ ಎಂದು ಇಲ್ಲಿಯ ಕನ್ನಡದ ಗೆಳೆಯರು ಕೇಳುತ್ತಾರೆ. ಅವರ ಅನುಮಾನ ಹಣದ ಮೇಲೆ. ನಾನು ಹಣವನ್ನು ಹೀಗಳೆಯಲಾರೆ. ‘ಆಂಗ್ರಿ ಬರ್ಡ್ಸ್’ ಮಾಡಿದ ಫಿನ್‌ಲೆಂಡಿನ ರೋವಿಯೊ ಕಂಪನಿಗೆ 2012ರಲ್ಲಿ ಬಂದ ಸುಮಾರು 15 ಕೋಟಿ ಯೂರೊ ಆದಾಯದಲ್ಲಿ ಶೇ 45ರಷ್ಟು ಇಂಥ ಸರಕು ಮತ್ತು ಪರವಾನಗಿಗಳದ್ದು. ಅದರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಕಳೆದುಹೋಗುವುದು ಬೇರೆಯದೇ: ತಿದ್ದಿಕೊಳ್ಳುವ ಅವಕಾಶ.

ಆಟವೆಂಬುದು ಕೊನೆಯ ತಿಂಗಳವರೆಗೂ ಹಸಿಮಣ್ಣು. ಆಡಿ ನೋಡಿದಾಗಲೇ ಯಾವ ಕೈ ಉದ್ದವಾಯಿತು, ಯಾವ ಆಯುಧ ಕಣ್ಣಿಗೆ ಅಡ್ಡ ಬರುತ್ತದೆ ಎಂದು ತಿಳಿಯುವುದು. ಗೊಂಬೆಗೆ ಅಷ್ಟು ಪುರುಸೊತ್ತಿಲ್ಲ. ಪಾತ್ರದ ಮುಂಭಾಗ, ಹಿಂಭಾಗ, ಎರಡೂ ಪಕ್ಕಗಳನ್ನು ಅಳತೆಸಮೇತ ಬರೆದ ಹಾಳೆ ಮೊದಲು ಹೋಗಬೇಕು. ಮಾದರಿ ಬರಬೇಕು, ಬಣ್ಣಕ್ಕೆ ಒಪ್ಪಿಗೆ ಕೊಡಬೇಕು, ಅಚ್ಚಾಗಬೇಕು, ಸರಕು ಹಡಗು ಹತ್ತಬೇಕು. ಬಿಡುಗಡೆಯ ದಿನ ಅಂಗಡಿಯಲ್ಲಿರಬೇಕಾದರೆ ಎಷ್ಟೋ ತಿಂಗಳು ಮೊದಲೇ ಪಾತ್ರ ಗಟ್ಟಿಯಾಗಿಬಿಡುತ್ತದೆ. ಆ ಹಾಳೆ ಬರೆಯುವವರೂ ಬಣ್ಣ ತಾಳೆ ನೋಡುವವರೂ ಆಟದ ಕಲಾವಿದರೇ. ನಮ್ಮ ಹುಡುಗಿ ಆರು ವಾರ ಕುಳಿತು ಕಂಬಳಿಯ ಒಂದೊಂದು ಮಡಿಕೆಯನ್ನೂ ಕೈಯಿಂದ ಸರಿಪಡಿಸಿದಳು. ಅವಳ ಪಾಲಿಗೆ ಬರಬೇಕಿದ್ದ ಮೂರನೆಯ ಹಂತದ ಬಾವಿ ಹಾಗೆಯೇ ಉಳಿಯಿತು. ಆಡುವವರು ಅದರಲ್ಲಿ ಬಿದ್ದರೆ ಮೇಲೆ ಬರಲು ದಾರಿಯೇ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ತಾರೀಖಿನ ಬಿಗಿಯೂ ಹೀಗೆಯೇ. 2022ರ ನವೆಂಬರ್ 18ರಂದು ಬಂದ ‘ಪೋಕೆಮಾನ್ ಸ್ಕಾರ್ಲೆಟ್’ ಮತ್ತು ‘ವೈಲೆಟ್’ ಆಟಗಳು ಮೂರೇ ದಿನಗಳಲ್ಲಿ 1 ಕೋಟಿ ಪ್ರತಿ ಮಾರಾಟವಾದವು. ಆಡುವಾಗ ಪರದೆಯ ಚಿತ್ರ ತೊಡರಿ ಮುಗ್ಗರಿಸುತ್ತಿದ್ದುದಕ್ಕೆ ಅವನ್ನು ಹೊರತಂದ ನಿಂಟೆಂಡೊ ಕಂಪನಿ ಕ್ಷಮೆಯನ್ನೂ ಕೇಳಿತು. ಅದೇ ಹೆಸರಿನ ಕಾರ್ಡುಗಳು 2023ರ ಜನವರಿಯಲ್ಲಿ, ಪೋಕೆಮಾನ್‌ನ ಹೊಸ ಟಿವಿ ಧಾರಾವಾಹಿ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಹೊರಬಂದವು. ಹಿಂದೆ ಇಷ್ಟು ಬಂಡಿಗಳು ಸಾಲುಗಟ್ಟಿರುವಾಗ ಮುಂದಿನ ಎತ್ತನ್ನು ನಿಲ್ಲಿಸಿ ಲಾಳ ಕಟ್ಟಿಸುವ ಧೈರ್ಯ ಯಾರಿಗಿದ್ದೀತು?

ಈಗಿನ ಕಚೇರಿಯಲ್ಲಿ ಹಟ ಹಿಡಿದು ಒಂದು ನಿಯಮ ಮಾಡಿಸಿದ್ದೇನೆ. ಪಾತ್ರ ಓಡಿ, ಹಾರಿ, ಬಿದ್ದು, ಎದ್ದು ಪರೀಕ್ಷೆ ಮುಗಿಸುವವರೆಗೆ ಅಳತೆಯ ಹಾಳೆ ಗೊಂಬೆ ತಯಾರಕರಿಗೆ ಹೋಗುವುದಿಲ್ಲ. ಪರೀಕ್ಷಕರ ಸಹಿ ಬೇಕು. ಹೊಸ ಆಟದ ನಾಯಕಿಯದು ಉದ್ದ ಜಡೆ, ಮೆಟ್ಟಿಲಿಳಿಯುವಾಗ ಭುಜದೊಳಗೆ ಹೂತುಹೋಗುತ್ತಿದೆ. ತಯಾರಕರಿಂದ ಎರಡು ಬಾರಿ ಫೋನ್ ಬಂತು. ಹಾಳೆ ನನ್ನ ಮೇಜಿನ ಮೇಲೆಯೇ ಇದೆ.