ಗಂಟೆಗೆ 400 ಟನ್: ತೈಲಕ್ಕಾಗಿ ಸರ್ಕಾರಗಳು ಯುದ್ಧಕ್ಕೆ ಇಳಿಯುತ್ತವೆಯೇ?

1941ರ ಅಕ್ಟೋಬರ್. ಟೋಕಿಯೊದಲ್ಲಿ ಜಪಾನಿನ ಮಂತ್ರಿಗಳೂ ಸೇನಾಪತಿಗಳೂ ಸಭೆ ಸೇರಿದ್ದರು. ಅಮೆರಿಕದ ಜೊತೆ ಮಾತುಕತೆ ಮುಂದುವರಿಸಬೇಕೋ, ಯುದ್ಧಕ್ಕೆ ಹೊರಡಬೇಕೋ ಎನ್ನುವುದು ಇನ್ನೂ ತೀರ್ಮಾನ ಆಗಿರಲಿಲ್ಲ. ಆಗ ನೌಕಾಪಡೆಯ ಮುಖ್ಯಸ್ಥ ಒಸಾಮಿ ನಗಾನೊ ಒಂದು ಲೆಕ್ಕ ಮುಂದಿಟ್ಟರು. ನೌಕಾಪಡೆ ಗಂಟೆಗೆ 400 ಟನ್ ತೈಲ ಸುಡುತ್ತಿದೆ, ತಡ ಮಾಡುವಂತಿಲ್ಲ ಎಂದರು. ಅವರು ಮಾತಾಡುತ್ತಾ ಕೂತಷ್ಟು ಹೊತ್ತೂ ಟ್ಯಾಂಕು ಖಾಲಿ ಆಗುತ್ತಲೇ ಇತ್ತು. ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿತ್ತು.

ಎಲ್ಲಾ ಯುದ್ಧವೂ ತೈಲಕ್ಕಾಗಿಯೇ ಎನ್ನುವ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ, ಆಡಿದ್ದೇವೆ ಕೂಡ. ನನ್ನ ಮಟ್ಟಿಗೆ ಅದು ಅರ್ಧ ನಿಜ. ಆದರೆ ಯಾವ ಅರ್ಧ ಎನ್ನುವುದು ತುಂಬಾ ಮುಖ್ಯ. ಯಾಕೆಂದರೆ ರೋಗದ ಮೂಲ ತಪ್ಪಾಗಿ ಹಿಡಿದರೆ ಮದ್ದೂ ತಪ್ಪುತ್ತದೆ ಅಲ್ವಾ?

ಮೊದಲು ತೈಲಕ್ಕೆ ಅಷ್ಟು ಬೆಲೆ ಯಾಕೆ ಅಂತ ನೋಡೋಣ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಕರೆಂಟ್ ಬಿಲ್ಲಿನಲ್ಲಿ ನೋಡುತ್ತೇವಲ್ಲ, ಅದೇ ಯೂನಿಟ್. ಗಟ್ಟಿಮುಟ್ಟಾದ ಆಳು ಬೆಳಗಿನಿಂದ ಸಂಜೆಯವರೆಗೆ ಗುದ್ದಲಿ ಹಿಡಿದು ದುಡಿದರೆ ಹೆಚ್ಚುಕಡಿಮೆ ಅರ್ಧ ಯೂನಿಟ್ಟಿನ ಕೆಲಸ ಆಗುತ್ತದೆ. ಎಂಜಿನ್ನು ಮೂರರಲ್ಲಿ ಎರಡು ಪಾಲನ್ನು ಬರೀ ಶಾಖವಾಗಿ ಕಳೆದುಬಿಟ್ಟರೂ, ಒಂದು ಲೀಟರಿನಲ್ಲಿ ಆರೇಳು ಆಳುಗಳ ಒಂದು ದಿನದ ದುಡಿಮೆ ಉಳಿಯುತ್ತದೆ. ಕಲ್ಲಿದ್ದಲಿಗೆ ಹೋಲಿಸಿದರೆ ತೈಲ ಹಗುರ, ಶಕ್ತಿ ಜಾಸ್ತಿ. ಪೈಪಿನಲ್ಲಿ ತಾನೇ ಹರಿಯುತ್ತದೆ. ಸಲಿಕೆ ಹಿಡಿದು ಕುಲುಮೆಗೆ ಸುರಿಯುವ ಜನ ಬೇಡ. ನಡುಸಮುದ್ರದಲ್ಲೇ ಒಂದು ಹಡಗಿನಿಂದ ಇನ್ನೊಂದಕ್ಕೆ ತುಂಬಿಸಬಹುದು.

ಇದನ್ನು ಬೇಗ ಮನಗಂಡದ್ದು ಬ್ರಿಟನ್. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ತನ್ನ ಯುದ್ಧನೌಕೆಗಳನ್ನು ಕಲ್ಲಿದ್ದಲಿನಿಂದ ತೈಲಕ್ಕೆ ಬದಲಾಯಿಸತೊಡಗಿತು. ತೊಂದರೆ ಏನೆಂದರೆ, ಕಲ್ಲಿದ್ದಲು ಅವರ ವೇಲ್ಸ್‌ನಲ್ಲೇ ಬೇಕಾದಷ್ಟಿತ್ತು, ತೈಲ ಇರಲಿಲ್ಲ. ಅದು ಸಿಕ್ಕಿದ್ದು 1908ರಲ್ಲಿ, ದೂರದ ಪರ್ಷಿಯಾದ (ಇಂದಿನ ಇರಾನ್) ಮಸ್ಜಿದ್ ಸುಲೇಮಾನ್‌ನಲ್ಲಿ. 1914ರಲ್ಲಿ ಬ್ರಿಟಿಷ್ ಸರ್ಕಾರ ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಅರ್ಧಕ್ಕಿಂತ ಜಾಸ್ತಿ ಷೇರನ್ನು ತಾನೇ ಕೊಂಡಿತು. ಹೀಗೆ ತೈಲ ಯುದ್ಧಕ್ಕೆ ಕಾರಣ ಆಗುವ ಮೊದಲು ಯುದ್ಧದ ಸಾಮಾನು ಆಯಿತು. ಅದಿಲ್ಲದೆ ಹಡಗು, ಟ್ಯಾಂಕು, ವಿಮಾನ ಯಾವುದೂ ಕದಲುವುದಿಲ್ಲ. ಸರ್ಕಾರಗಳ ಭಯ ಶುರುವಾದದ್ದು ಇಲ್ಲಿ.

ಮತ್ತೆ ಜಪಾನಿಗೆ ಬರೋಣ. ಅದರ ನೆಲದಲ್ಲಿ ತೈಲ ಇಲ್ಲವೆನ್ನುವಷ್ಟು ಕಡಿಮೆ. ಬೇಕಾದುದರಲ್ಲಿ ಸುಮಾರು ಶೇ. 80 ಅಮೆರಿಕದಿಂದಲೇ ಬರುತ್ತಿತ್ತು. 1937ರಿಂದ ಜಪಾನ್ ಚೀನಾದಲ್ಲಿ ಯುದ್ಧ ನಡೆಸುತ್ತಿತ್ತು. 1941ರ ಜುಲೈನಲ್ಲಿ ಅದರ ಸೇನೆ ದಕ್ಷಿಣ ಇಂಡೊಚೈನಾಕ್ಕೂ (ಇಂದಿನ ವಿಯೆಟ್ನಾಂ ಕಡೆಯ ನೆಲ) ನುಗ್ಗಿದಾಗ ಅಮೆರಿಕ ತನ್ನಲ್ಲಿದ್ದ ಜಪಾನಿನ ಹಣವನ್ನು ತಡೆಹಿಡಿಯಿತು. ಹಣವೇ ಕೈಗೆ ಸಿಗದ ಮೇಲೆ ತೈಲ ಕೊಳ್ಳುವುದು ಹೇಗೆ? ಬ್ರಿಟನ್ನೂ, ಇಂಡೊನೇಷ್ಯಾವನ್ನು ಆಳುತ್ತಿದ್ದ ಡಚ್ಚರೂ ಅಮೆರಿಕದ ಜೊತೆ ಸೇರಿಕೊಂಡರು. ನಲ್ಲಿ ಬಂದ್ ಆಯಿತು. ಇರುವ ದಾಸ್ತಾನು ಎರಡು ವರ್ಷಕ್ಕೆ ಸಾಕು, ಯುದ್ಧವಾದರೆ ಒಂದೂವರೆ ವರ್ಷಕ್ಕಷ್ಟೇ ಎಂದು ನಗಾನೊ ಚಕ್ರವರ್ತಿಗೆ ತಿಳಿಸಿದರು.

ಜಪಾನಿನ ಕಣ್ಣು ಇಂಡೊನೇಷ್ಯಾದ ತೈಲದ ಮೇಲೆ ಬಿತ್ತು. ಸುಮಾತ್ರಾದ ಪಾಲೆಂಬಾಂಗ್, ಬೋರ್ನಿಯೊದ ಬಾಲಿಕ್‌ಪಾಪನ್. ಅಲ್ಲಿಗೆ ಹೋಗುವ ದಾರಿಯಲ್ಲಿ ಅಮೆರಿಕದ ನೌಕಾಪಡೆ ಅಡ್ಡ ಬರಬಾರದು ಎಂದೇ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದರು. 1942ರ ಫೆಬ್ರುವರಿಯಲ್ಲಿ ಪಾಲೆಂಬಾಂಗ್ ಮೇಲೆ ಪ್ಯಾರಾಚೂಟ್‌ನಲ್ಲಿ ಸೈನಿಕರನ್ನು ಇಳಿಸಿ ತೈಲ ಬಾವಿಗಳನ್ನು ಗೆದ್ದೂಬಿಟ್ಟರು.

ಗೆದ್ದದ್ದು ಬಾವಿಯನ್ನು ಮಾತ್ರ. ಅದೇ ವರ್ಷದ ಮೇ ತಿಂಗಳಲ್ಲಿ ತೈಲ ಕೆಲಸ ಬಲ್ಲ ಎಂಜಿನಿಯರುಗಳನ್ನು, ತಂತ್ರಜ್ಞರನ್ನು ಹೊತ್ತು ಹೊರಟ ತೈಯೊ ಮಾರು ಎಂಬ ಹಡಗನ್ನು ಅಮೆರಿಕದ ಸಬ್‌ಮರೀನು ಮುಳುಗಿಸಿತು. ನೂರಾರು ಜನ ಹೋದರು. ಆಮೇಲೆ ತೈಲ ಹೊತ್ತು ಬರುವ ಹಡಗುಗಳು ಒಂದೊಂದಾಗಿ ಸಮುದ್ರದ ತಳ ಸೇರಿದವು. ಸುಮಾತ್ರಾದಲ್ಲಿ ತೈಲ ಉಕ್ಕುತ್ತಿದ್ದರೂ ಜಪಾನಿಗೆ ತಲುಪುತ್ತಿರಲಿಲ್ಲ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಊರೂರಿನ ಹೆಂಗಸರು, ಮಕ್ಕಳು ಗುಡ್ಡ ಹತ್ತಿ ಪೈನ್ ಮರದ ಬೇರು ಅಗೆಯುತ್ತಿದ್ದರು. ಅದನ್ನು ಬೇಯಿಸಿ, ಬಟ್ಟಿ ಇಳಿಸಿ ವಿಮಾನಕ್ಕೆ ಇಂಧನ ಮಾಡಬೇಕು ಎನ್ನುವ ಆಸೆ. ತೈಲಕ್ಕಾಗಿ ಜಗತ್ತಿನ ಅತಿ ದೊಡ್ಡ ಶಕ್ತಿಯೊಂದರ ಮೇಲೆ ಬಿದ್ದ ದೇಶ ಮರದ ಬೇರಿಗೆ ಬಂದು ನಿಂತಿತು. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈ ಕಥೆಯಲ್ಲಿ ತೈಲದ ಆಸೆಗಿಂತ ತೈಲ ಮುಗಿದುಹೋಗುವ ಭಯವೇ ದೊಡ್ಡದಾಗಿ ಕಾಣುತ್ತದೆ. ಇನ್ನೂ ಒಂದು ಸಂಗತಿ ಇದೆ. ಆ ತೈಲ ಬೇಕಾಗಿದ್ದದ್ದು ಚೀನಾದ ಯುದ್ಧಕ್ಕೆ. ಆ ಯುದ್ಧ ಬಿಟ್ಟುಬಿಡಲು ಒಪ್ಪದೆ ಇದ್ದುದಕ್ಕೇ ತೈಲ ನಿಂತದ್ದು. ಬೆಂಕಿಗೆ ತೈಲ ಸುರಿಯಿತು ನಿಜ, ಆದರೆ ಬೆಂಕಿ ಹಚ್ಚಿದ ಕೈ ಬೇರೆ.

ಅಮೆರಿಕದ ರಾಜಕೀಯ ವಿಜ್ಞಾನಿ ಎಮಿಲಿ ಮೈರ್ಡಿಂಗ್ ಕಳೆದ ಶತಮಾನದ ನೂರಾರು ಸಂಘರ್ಷಗಳನ್ನು ಒಂದೊಂದಾಗಿ ಜಾಲಾಡಿದ್ದಾರೆ. ಸುಮ್ನೆ ತೈಲ ದೋಚುವುದಕ್ಕೆಂದೇ ಒಂದು ದೇಶ ಇನ್ನೊಂದರ ಮೇಲೆ ದೊಡ್ಡ ಯುದ್ಧ ಮಾಡಿದ್ದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ ಎನ್ನುವುದು ಅವರ ವಾದ. ಕಾರಣ ನಮಗೂ ಅರ್ಥವಾಗುವಂಥದ್ದೇ. ಸೋಲುವವರು ಹೋಗುವಾಗ ಬಾವಿಗೆ ಬೆಂಕಿ ಇಡುತ್ತಾರೆ. 1942ರಲ್ಲಿ ಹಿಟ್ಲರನ ಸೇನೆ ಕಾಕಸಸ್‌ನ ಮೈಕೋಪ್‌ಗೆ ಬಂದಾಗ ರಷ್ಯನ್ನರು ಬಾವಿಗಳನ್ನೆಲ್ಲ ಹಾಳುಮಾಡಿ ಹೋಗಿದ್ದರು. ನೂರಾರು ಮೈಲಿ ಪೈಪನ್ನು ಹಗಲೂ ರಾತ್ರಿ ಕಾಯುವುದು ಸಾಧ್ಯವಿಲ್ಲ. ಕದ್ದ ತೈಲವನ್ನು ಕೊಳ್ಳುವವರೂ ಹಿಂದೆಮುಂದೆ ನೋಡುತ್ತಾರೆ. ಇಷ್ಟೆಲ್ಲ ಪಾಡು ಪಡುವ ಬದಲು ಕಾಸು ಕೊಟ್ಟು ಕೊಳ್ಳುವುದೇ ಅಗ್ಗ.

ಬರೀ ನಂಬಿಕೆಯ ಮೇಲೂ ರಕ್ತ ಹರಿದಿದೆ. 1932ರಿಂದ 1935ರವರೆಗೆ ಬೊಲಿವಿಯಾ ಮತ್ತು ಪರಾಗ್ವೆ ಚಾಕೊ ಎಂಬ ಒಣ ಕುರುಚಲು ಕಾಡಿಗಾಗಿ ಹೊಡೆದಾಡಿದವು. ಅಲ್ಲಿ ತೈಲ ಇದೆ, ಹಿಂದೆ ದೊಡ್ಡ ಕಂಪನಿಗಳಿವೆ ಎಂದು ಆಗಲೂ ಜನ ಆಡಿಕೊಂಡರು. ಆ ಯುದ್ಧದಲ್ಲಿ ಎಷ್ಟೋ ಸೈನಿಕರು ಸತ್ತದ್ದು ಗುಂಡಿನಿಂದಲ್ಲ, ಕುಡಿಯುವ ನೀರಿಲ್ಲದೆ. ಹೊಡೆದಾಡಿದ ಆ ನೆಲದಲ್ಲಿ ತೈಲ ಸಿಗಲಿಲ್ಲ.

ಇನ್ನು ನಮ್ಮ ಕರಾವಳಿಯವರು ಮರೆಯಲಾಗದ ಯುದ್ಧ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಅದರ ಹಿಂದಿನ ಲೆಕ್ಕ ನೋಡಿ. ಎಂಟು ವರ್ಷ ಇರಾನಿನ ಜೊತೆ ಕಾದಾಡಿ ಇರಾಕ್ ಸಾಲದಲ್ಲಿ ಮುಳುಗಿತ್ತು. ಕುವೈತಿಗೇ ಸಾವಿರ ಕೋಟಿ ಡಾಲರಿಗಿಂತ ಹೆಚ್ಚು ಕೊಡಬೇಕಿತ್ತು. ಇರಾಕ್ ದಿನಕ್ಕೆ ತೆಗೆಯುತ್ತಿದ್ದದ್ದು ಸುಮಾರು 30 ಲಕ್ಷ ಬ್ಯಾರೆಲ್. ಬ್ಯಾರೆಲ್ಲಿಗೆ ಒಂದೇ ಒಂದು ಡಾಲರ್ ಇಳಿದರೂ ವರ್ಷಕ್ಕೆ 100 ಕೋಟಿ ಡಾಲರ್ ಖೋತಾ. ಕುವೈತ್ ತೈಲ ದೇಶಗಳು ಗೊತ್ತುಮಾಡಿದ್ದ ತನ್ನ ಪಾಲಿಗಿಂತ ಜಾಸ್ತಿ ತೈಲ ತೆಗೆದು ಬೆಲೆ ಇಳಿಸುತ್ತಿದೆ, ಗಡಿಯಲ್ಲಿರುವ ರುಮೈಲಾ ತೈಲಕ್ಷೇತ್ರದಿಂದ ಕದಿಯುತ್ತಿದೆ ಎಂದು ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ದೂರಿದರು. ಪಕ್ಕದ ತೋಟದವನ ಬೋರ್‌ವೆಲ್ ನಮ್ಮ ಬಾವಿ ಬತ್ತಿಸಿತು ಅಂತ ಜಗಳ ಆಗುತ್ತದಲ್ಲ, ಹಾಗೆಯೇ. ಭೂಮಿಯೊಳಗಿನ ತೈಲಕ್ಕೆ ಮೇಲಿನ ಗಡಿಗೆರೆ ಗೊತ್ತಿರುವುದಿಲ್ಲ. ನನ್ನ ಲೆಕ್ಕದಲ್ಲಿ ತೈಲಕ್ಕಾಗಿ ಯುದ್ಧ ಎಂಬ ಹೆಸರಿಗೆ ಅತಿ ಹತ್ತಿರ ಬರುವುದು ಇದೇ. ಇಲ್ಲೂ ದಿವಾಳಿಯ ಭಯ ದೊಡ್ಡದಿತ್ತು.

ಕುವೈತಿನಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಸುಮಾರು 1.7 ಲಕ್ಷ ಜನ ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನ ಹತ್ತಿ ವಾಪಸು ಬಂದರು. ಮಂಗಳೂರು, ಉಡುಪಿ ಕಡೆಯವರೂ ಅವರಲ್ಲಿದ್ದರು. ಹೆಚ್ಚಿನವರು ಗಳಿಸಿದ್ದನ್ನು ಅಲ್ಲೇ ಬಿಟ್ಟು ಬಂದಿದ್ದರು. ತೈಲದ ಬೆಲೆ ಕೆಲವೇ ವಾರಗಳಲ್ಲಿ ಎರಡು ಪಟ್ಟಾಯಿತು. ಮೊದಲೇ ಬಳಲಿದ್ದ ನಮ್ಮ ಖಜಾನೆಗೆ ಅದೂ ಒಂದು ಏಟು. ಮರುವರ್ಷ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟಿತು. ಅಮೆರಿಕ ಮತ್ತು ಅದರ ಮಿತ್ರಪಡೆಗಳಿಗೆ ಸೋತು ಹಿಂದೆ ಸರಿಯುವಾಗ ಇರಾಕಿ ಸೇನೆ ಕುವೈತಿನ 600ಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿ ಇಟ್ಟಿತು. ಕೊನೆಯ ಬೆಂಕಿ ಆರಿದ್ದು 1991ರ ನವೆಂಬರಿನಲ್ಲಿ.

2003ರಲ್ಲಿ ಅಮೆರಿಕ ಇರಾಕ್ ಮೇಲೆ ಮಾಡಿದ ಯುದ್ಧದ ಬಗ್ಗೆ ಹೇಳದಿದ್ದರೆ ಓದುಗರು ನನ್ನನ್ನು ಬಿಡುವುದಿಲ್ಲ. ಬಾಗ್ದಾದಿನ ಮ್ಯೂಸಿಯಂ ಲೂಟಿಯಾಗುತ್ತಿದ್ದಾಗ ಅಮೆರಿಕದ ಸೈನಿಕರು ಕಾವಲು ನಿಂತಿದ್ದದ್ದು ತೈಲ ಸಚಿವಾಲಯಕ್ಕೆ. ಆ ಚಿತ್ರ ಮನಸ್ಸಿನಿಂದ ಹೋಗುವಂಥದ್ದಲ್ಲ. ಆದರೆ 2009ರಲ್ಲಿ ಇರಾಕಿನ ತೈಲಕ್ಷೇತ್ರಗಳ ಕೆಲಸದ ಹರಾಜಿನಲ್ಲಿ ಏನಾಯಿತು ನೋಡಿ. ರುಮೈಲಾ ಸಿಕ್ಕಿದ್ದು ಬ್ರಿಟನ್ನಿನ ಬಿಪಿ ಮತ್ತು ಚೀನಾದ ಸರ್ಕಾರಿ ಕಂಪನಿಗೆ, ತೈಲ ತೆಗೆದುಕೊಡಲು ಬ್ಯಾರೆಲ್ಲಿಗೆ ಬರೀ 2 ಡಾಲರ್ ಕೂಲಿಗೆ. ಪಶ್ಚಿಮ ಖುರ್ನಾ ಎಂಬ ಇನ್ನೊಂದು ತೈಲಕ್ಷೇತ್ರದ ಒಂದು ಭಾಗ ರಷ್ಯಾದ ಲುಕಾಯಿಲ್ ಕೂಟಕ್ಕೆ ಹೋಯಿತು. ತೈಲ ಇರಾಕಿನದಾಗಿಯೇ ಉಳಿಯಿತು. ದೋಚುವುದೇ ಗುರಿಯಾಗಿದ್ದರೆ ಫಲ ಹೀಗಿರುತ್ತಿರಲಿಲ್ಲ.

ಹಾಗಂತ ತೈಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಹೊರಗಿನವರು ಪರ್ಷಿಯನ್ ಕೊಲ್ಲಿಯ ಮೇಲೆ ಹಿಡಿತ ಸಾಧಿಸಲು ಬಂದರೆ ಸೈನ್ಯ ಇಳಿಸಿಯಾದರೂ ತಡೆಯುತ್ತೇವೆ ಎಂದು 1980ರಲ್ಲೇ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಘೋಷಿಸಿದ್ದರು. ಜಗತ್ತಿನ ತೈಲ ಮಾರುಕಟ್ಟೆ ಒಂದೇ ಕೆರೆ ಇದ್ದಂತೆ. ಒಂದು ಕಡೆ ನೀರು ಬರುವ ಕಾಲುವೆ ಕಟ್ಟಿದರೆ ಎಲ್ಲರ ದಡದಲ್ಲೂ ಮಟ್ಟ ಇಳಿಯುತ್ತದೆ. ಜಗತ್ತು ಬಳಸುವ ತೈಲದ ಐದರಲ್ಲೊಂದು ಪಾಲು ಹಾದುಹೋಗುವ ಹಾರ್ಮುಜ್ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್ ಅಗಲ ಅಷ್ಟೇ. ಆ ಕಾಲುವೆ ಯಾರ ಕೈಯಲ್ಲಿರಬೇಕು ಎನ್ನುವ ಚಿಂತೆ ದಶಕಗಳಿಂದ ಅಲ್ಲಿಗೆ ಸೈನ್ಯವನ್ನು ಎಳೆದಿದೆ. ಆ ನೆಲದಡಿ ತೈಲ ಇಲ್ಲದಿದ್ದರೆ ಸದ್ದಾಂ ಬಗ್ಗೆ ದೂರದ ರಾಜಧಾನಿಗಳು ಅಷ್ಟು ತಲೆಕೆಡಿಸಿಕೊಳ್ಳುತ್ತಿದ್ದವೇ? ಆ ಯುದ್ಧದಲ್ಲಿ ಮತ್ತು ಅದರ ಬೆನ್ನಿಗೆ ಬಂದ ಹಿಂಸೆಯಲ್ಲಿ ಲಕ್ಷಕ್ಕೂ ಹೆಚ್ಚು ಸಾಮಾನ್ಯ ಜನ ಸತ್ತರು. ಯುದ್ಧಕ್ಕೆ ಅಮೆರಿಕ ಹೇಳಿದ ಕಾರಣವಾದ ಮಾರಕಾಸ್ತ್ರಗಳು ಸಿಗಲೇ ಇಲ್ಲ.

ಭಯ ಎಂದೆನಲ್ಲ, ಅದು ನಮಗೂ ಇದೆ. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದಕ್ಕೇ ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು ಆಪತ್ಕಾಲಕ್ಕೆ ತೈಲ ತುಂಬಿಡುತ್ತಾರೆ. ಈ ಗುಹೆಗಳ ಗುಟ್ಟು ನನಗೆ ತುಂಬಾ ಇಷ್ಟ. ಒಳಗೆ ಉಕ್ಕಿನ ಟ್ಯಾಂಕು ಇಲ್ಲ, ಬರೀ ಬಂಡೆ. ಬಂಡೆಯಲ್ಲಿ ಸಣ್ಣ ಸಣ್ಣ ಬಿರುಕು ಇದ್ದೇ ಇರುತ್ತದೆ. ಹಾಗಿದ್ದರೂ ತೈಲ ಸೋರುವುದಿಲ್ಲ. ಯಾಕೆಂದರೆ ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಕೊರೆದಿರುತ್ತಾರೆ. ಸುತ್ತಲಿನ ನೀರಿನ ಒತ್ತಡ ತೈಲದ ಒತ್ತಡಕ್ಕಿಂತ ಜಾಸ್ತಿ. ತೋಡಿದ ಬಾವಿಯ ಗೋಡೆಯಿಂದ ನೀರು ಒಳಗೆ ಜಿನುಗುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲವಲ್ಲ, ಹಾಗೆ. ಜಿನುಗಿದ ನೀರು ತೈಲಕ್ಕಿಂತ ಭಾರ, ತಳ ಸೇರುತ್ತದೆ. ಅದನ್ನು ಪಂಪಿನಿಂದ ಎತ್ತಿ ಹೊರಹಾಕುತ್ತಾರೆ. ಅಂತರ್ಜಲ ಕಡಿಮೆಯಾಗದಂತೆ ಮೇಲಿನಿಂದ ಕೊಳವೆಗಳಲ್ಲಿ ನೀರು ಕೊಡುತ್ತಲೇ ಇರುತ್ತಾರೆ.

ಮೂರೂ ಕಡೆ ಸೇರಿ ಹಿಡಿಯುವುದು 53.3 ಲಕ್ಷ ಟನ್. ಒಂದು ದಿನ ಸುಮ್ನೆ ಕೂತು ಭಾಗಿಸಿ ನೋಡಿದೆ. ಗಂಟೆಗೆ 400 ಟನ್ ಸುಡುತ್ತಿದ್ದ ನಗಾನೊ ಅವರ ನೌಕಾಪಡೆಗೆ ಅದು 555 ದಿನ ಸಾಕಾಗುತ್ತಿತ್ತು, ಹೆಚ್ಚುಕಡಿಮೆ ಒಂದೂವರೆ ವರ್ಷ. ನಮ್ಮ ಬಸ್ಸು, ಲಾರಿ, ಬೈಕು, ಟ್ರ್ಯಾಕ್ಟರು, ಅಡುಗೆಮನೆಗೆ ಅದು ಹತ್ತು ದಿನಕ್ಕೂ ಸಾಲದು.