ಬರಬೇಕಿದ್ದ ಜ್ಯೂಸ್ ಬರದಿದ್ದಾಗ: ಮಿದುಳಿನ ನಿರೀಕ್ಷೆಯ ಲೆಕ್ಕ

ಮಿದುಳಿನಲ್ಲಿರುವ ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಎಲ್ಲ ಕಡೆ ಓದಿರುತ್ತೀರಿ. ಈ ಪಾಠಕ್ಕೆ ಕೂರುವಾಗ ಆ ಮಾತನ್ನು ಪಕ್ಕಕ್ಕಿಡಿ. ನನಗೆ ತುಂಬಾ ದಿನ ಅಡ್ಡ ಬಂದದ್ದು ಅದೇ.

ನರವಿಜ್ಞಾನಿ ವೋಲ್ಫ್ರಮ್ ಶುಲ್ಟ್ಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗದಿಂದ ಶುರು ಮಾಡೋಣ. ನಡುಮಿದುಳಿನ ಡೋಪಮೈನ್ ನರಕೋಶಗಳ ಪಕ್ಕ ಕೂದಲಿನಂಥ ಎಲೆಕ್ಟ್ರೋಡ್ ಇಟ್ಟು, ಒಂದೊಂದೇ ಕೋಶದ ವಿದ್ಯುತ್ ಮಿಡಿತ ದಾಖಲಿಸಿದರು. ಕೋತಿಯ ಬಾಯಿಗೆ ಒಂದು ಹನಿ ಜ್ಯೂಸ್ ಬಿದ್ದರೆ ಕೋಶ ಪಟಪಟ ಮಿಡಿಯುತ್ತಿತ್ತು. ಆಮೇಲೆ ಪ್ರತಿ ಸಲವೂ ಜ್ಯೂಸಿಗೆ ಮುಂಚೆ ಒಂದು ದೀಪ ಹೊತ್ತಿಸಿದರು. ರೂಢಿಯಾದ ಮೇಲೆ ಕೋಶ ದೀಪಕ್ಕೇ ಮಿಡಿಯತೊಡಗಿತು. ಜ್ಯೂಸ್ ಬಂದಾಗ ಸುಮ್ನೆ ತನ್ನ ಮಾಮೂಲಿ ಲಯದಲ್ಲೇ ಇತ್ತು! ಅದೇ ಜ್ಯೂಸ್, ಅದೇ ರುಚಿ.

ಇನ್ನು ಕೆಲವು ಸಲ ದೀಪ ಹೊತ್ತಿತು, ಜ್ಯೂಸ್ ಬರಲಿಲ್ಲ. ಸರಿಯಾಗಿ ಜ್ಯೂಸ್ ಬರಬೇಕಿದ್ದ ಹೊತ್ತಿಗೆ ಮಾಮೂಲಿ ಮಿಡಿತವೂ ತಗ್ಗಿತು. ಇದನ್ನು ಎರಡು ಸಲ ಓದಿ. ಆ ಕ್ಷಣ ಹೊರಗೆ ಏನೂ ನಡೆದಿಲ್ಲ. ಆದರೂ ಕೋಶಕ್ಕೆ ಗೊತ್ತಾಯಿತು ಅಂದರೆ, ಏನು ಬರಬೇಕು, ಯಾವಾಗ ಬರಬೇಕು ಅನ್ನೋದು ಮಿದುಳಿನಲ್ಲಿ ಮೊದಲೇ ಇತ್ತು ಅಂತಲೇ ಅಲ್ವಾ?

1997ರಲ್ಲಿ ಶುಲ್ಟ್ಸ್, ಪೀಟರ್ ಡಯಾನ್, ರೀಡ್ ಮಾಂಟೆಗ್ಯೂ ಇದನ್ನು ಲೆಕ್ಕಕ್ಕೆ ಕೂರಿಸಿದರು. ಸಿಕ್ಕಿದ್ದರಲ್ಲಿ ನಿರೀಕ್ಷಿಸಿದ್ದನ್ನು ಕಳೆಯಿರಿ. ಉಳಿದದ್ದು ಅಂದಾಜಿನ ತಪ್ಪು. ಡೋಪಮೈನ್ ಕೋಶದ ಮಿಡಿತ ಹೇಳುತ್ತಿರುವುದು ಇದನ್ನೇ. ನಿರೀಕ್ಷೆ 0, ಸಿಕ್ಕಿದ್ದು 10 ಅಂದುಕೊಳ್ಳಿ. ತಪ್ಪು 10. ಅದರಲ್ಲಿ ಐದನೇ ಒಂದು ಪಾಲು ನಿರೀಕ್ಷೆಗೆ ಸೇರಲಿ, ಈಗ ಅದು 2. ಮುಂದಿನ ಸಲ ತಪ್ಪು 8, ನಿರೀಕ್ಷೆ 3.6. ಆಮೇಲೆ 4.88. ಹೀಗೇ 10ರ ಹತ್ತಿರ ಹೋದಷ್ಟೂ ತಪ್ಪು ಸೊನ್ನೆಗೆ ಇಳಿಯುತ್ತದೆ. ದಯವಿಟ್ಟು ಪೆನ್ನು ಹಿಡಿದು ಆರೇಳು ಸಾಲು ನೀವೇ ಮಾಡಿ ನೋಡಿ. ದೀಪಕ್ಕೆ ಮಿಡಿತ ಯಾಕೆ? ಅದು ಯಾವಾಗ ಹೊತ್ತುತ್ತದೋ ಮೊದಲೇ ಗೊತ್ತಿಲ್ಲ. ಹೊತ್ತಿದ ಕೂಡಲೇ ಮುಂದೆ ಸಿಗುವುದರ ಅಂದಾಜು ದಿಢೀರ್ ಏರುತ್ತದೆ. ಆ ಏರಿಕೆಯೂ ಅಂದಾಜಿನ ತಪ್ಪಿನ ಲೆಕ್ಕಕ್ಕೆ ಬರುತ್ತದೆ.

ಮನುಷ್ಯರಲ್ಲಿ ಜಾಸ್ತಿ ಬಳಸುವುದು ಎಫ್‌ಎಂಆರ್‌ಐ ಅನ್ನುವ ಮಿದುಳಿನ ಸ್ಕ್ಯಾನ್. ಅದು ರಕ್ತದ ಆಮ್ಲಜನಕದ ಏರಿಳಿತ ತೋರಿಸುತ್ತದೆ, ಒಂಟಿ ಕೋಶವನ್ನಲ್ಲ. ಅದರಲ್ಲಿ ಅಂದಾಜಿನ ತಪ್ಪಿನ ಗುರುತು ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಅನ್ನುವ ಭಾಗದ ಕೆಳಬದಿಯಲ್ಲಿ ಕಾಣುತ್ತದೆ. ಎಷ್ಟು ಸಿಗಬಹುದು ಅನ್ನುವ ಬೆಲೆಯ ಗುರುತು ಹಣೆಯ ಹಿಂದಿನ ಮಿದುಳಿನ ಒಳ-ಕೆಳ ಬದಿಯಲ್ಲಿ. ಎರಡನ್ನೂ ಬೆರೆಸಬೇಡಿ.

2006ರ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಅದರಲ್ಲಿ ಜನ ಚಿಹ್ನೆಗಳನ್ನು ಆರಿಸುತ್ತ, ಯಾವುದು ಹಣ ಗೆಲ್ಲಿಸುತ್ತದೆ, ಯಾವುದು ಕಳೆಯುತ್ತದೆ ಅಂತ ಕಲಿಯಬೇಕಿತ್ತು. ಡೋಪಮೈನ್ ಹೆಚ್ಚಿಸುವ ಲೆವೊಡೋಪಾ ಔಷಧಿ ತೆಗೆದುಕೊಂಡವರು, ಡೋಪಮೈನ್‌ನ ಕೆಲಸ ತಡೆಯುವ ಹ್ಯಾಲೊಪೆರಿಡಾಲ್ ತೆಗೆದುಕೊಂಡವರಿಗಿಂತ ಹಣ ಗೆಲ್ಲಿಸುವ ಚಿಹ್ನೆಯನ್ನು ಹೆಚ್ಚು ಸಲ ಆರಿಸಿದರು. ಹಣ ಕಳೆಯುವ ಚಿಹ್ನೆಯಿಂದ ತಪ್ಪಿಸಿಕೊಳ್ಳುವುದರಲ್ಲಿ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಒಂದೇ.