ಲೆದರ್ ಬೂಟು ವರ್ಷಗಟ್ಟಲೆ ಬಾಳಬೇಕಾದರೆ ಏನು ನೋಡಬೇಕು?

ಪ್ರಶ್ನೆ: ಜಾಸ್ತಿ ದುಡ್ಡು ಕೊಟ್ಟು ಒಳ್ಳೆ ಲೆದರ್ ಬೂಟೇ ತೊಗೊಂಡೆ. ಎರಡು ವರ್ಷವೂ ಬರಲಿಲ್ಲ. ಬೆರಳು ಮಡಚುವ ಕಡೆ ತೊಗಲು ಬಿರುಕು ಬಿಟ್ಟಿದೆ, ಅಟ್ಟೆ ಬಾಯಿ ತೆರೆದಿದೆ. ಕೆಲಸದ ಬೂಟಾಗಲಿ, ಕೌಬಾಯ್ ಬೂಟಾಗಲಿ, ಬಾಳಿಕೆ ಬರುವಂಥದ್ದನ್ನು ಆರಿಸುವುದು ಹೇಗೆ? ನೋಡಿಕೊಳ್ಳುವುದು ಹೇಗೆ?

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಅಟ್ಟೆ ಬಾಯಿ ಬಿಡುವುದು ನೀವು ಬೂಟು ಕೊಂಡ ದಿನವೇ ತೀರ್ಮಾನವಾಗಿತ್ತು. ತೊಗಲು ಬಿರಿದದ್ದು ಹೆಚ್ಚಾಗಿ ಆಮೇಲೆ, ಮನೆಯಲ್ಲಿ.

ಮೊದಲು ಅಟ್ಟೆ ನೋಡೋಣ. ಬೂಟು ಕೈಗೆತ್ತಿಕೊಂಡ ತಕ್ಷಣ ಹೊಳಪು ನೋಡಬೇಡಿ, ಅಂಚು ನೋಡಿ. ಮೇಲಿನ ತೊಗಲು ಅಟ್ಟೆಗೆ ಸೇರುವಲ್ಲಿ ಸುತ್ತ ಒಂದು ಸಣ್ಣ ಪಟ್ಟಿ ಇದೆಯಾ? ಅದಕ್ಕೆ ವೆಲ್ಟ್ ಅನ್ನುತ್ತಾರೆ. ಮೇಲಿನ ತೊಗಲನ್ನು ಈ ಪಟ್ಟಿಗೆ ಒಂದು ಹೊಲಿಗೆಯಲ್ಲಿ, ಪಟ್ಟಿಯನ್ನು ಅಟ್ಟೆಗೆ ಇನ್ನೊಂದು ಹೊಲಿಗೆಯಲ್ಲಿ ಸೇರಿಸಿರುತ್ತಾರೆ. ಅಟ್ಟೆ ಸವೆದಾಗ ಎರಡನೇ ಹೊಲಿಗೆ ಮಾತ್ರ ಬಿಚ್ಚಿ ಹೊಸದು ಹಾಕಬಹುದು. ಮೇಲಿನ ತೊಗಲಿಗೆ ಸೂಜಿ ತಾಗುವುದೇ ಇಲ್ಲ. ಬರೀ ಅಂಟಿನಲ್ಲಿ ಕೂರಿಸಿದ ಅಟ್ಟೆ ನೀರು, ಬಿಸಿಲು, ದಿನವೂ ಮಡಚುವುದು, ಇವಕ್ಕೆಲ್ಲ ನಿಧಾನವಾಗಿ ಬಿಡುತ್ತದೆ.

ಒಂದು ಎಚ್ಚರಿಕೆ. ಅಂಟಿಸಿದ ಬೂಟಿಗೂ ಕೆಲವರು ಸುಮ್ನೆ ಅಂದಕ್ಕೆ ಹೊಲಿಗೆ ಹಾಕಿರುತ್ತಾರೆ. ಬೂಟು ತಿರುಗಿಸಿ. ಅಡಿಯಲ್ಲಿ ಅಂಚಿನುದ್ದಕ್ಕೂ ಗೀರಿನೊಳಗೆ ದಾರ ಕಂಡರೆ ಸಮಾಧಾನ. ಕಾಣದಿದ್ದರೆ ನೇರವಾಗಿ ಕೇಳಿ: "ಇದಕ್ಕೆ ಹೊಸ ಅಟ್ಟೆ ಹಾಕಬಹುದಾ?"

ಇನ್ನು ತೊಗಲು. ಫುಲ್ ಗ್ರೇನ್ ಅಂದರೆ ಮೇಲ್ಪದರವನ್ನು ಉಜ್ಜಿ ತೆಗೆಯದ ತೊಗಲು. ನಾರು ದಟ್ಟವಾಗಿ ಹೆಣೆದುಕೊಂಡಿರುವುದು ಆ ಮೇಲ್ಪದರದಲ್ಲೇ, ಅದಕ್ಕೇ ಗಟ್ಟಿ. ಹೆಬ್ಬೆರಳಿನಿಂದ ಒತ್ತಿ ನೋಡಿ. ಸಣ್ಣ ಸಣ್ಣ ಸುಕ್ಕು ಸುತ್ತ ಹರಡಿ, ಕೈ ತೆಗೆದಾಗ ಮಾಯವಾಗಬೇಕು. ಅಲ್ಲಲ್ಲಿ ಗೀರು, ರಂಧ್ರದ ಗುರುತು ಇದ್ದರೆ ಬೇಜಾರಾಗಬೇಡಿ, ಅದು ಒಳ್ಳೆ ಲಕ್ಷಣ. ಎಲ್ಲ ಕಡೆ ಒಂದೇ ಸಮ, ಪ್ಲಾಸ್ಟಿಕ್ ಥರ ಹೊಳೆಯುವುದಕ್ಕೆ ಮೇಲೆ ದಪ್ಪ ಬಣ್ಣದ ಲೇಪ ಇರುತ್ತದೆ. ಮಡಚುವಲ್ಲಿ ಮೊದಲು ಒಡೆಯುವುದು ಆ ಲೇಪವೇ. 'ಜೆನ್ಯುಯಿನ್ ಲೆದರ್' ಅನ್ನುವ ಮುದ್ರೆಯನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ಅದು ತೊಗಲು ಅನ್ನುತ್ತದೆ, ಎಂಥ ತೊಗಲು ಅನ್ನುವುದಿಲ್ಲ.

ಕೌಬಾಯ್ ಬೂಟು ಕುದುರೆ ಮೇಲೆ ಕೂರುವವರಿಗಾಗಿ ಆದದ್ದು. ಎತ್ತರದ ಹಿಮ್ಮಡಿ ಇರುವುದು ಕಾಲು ರಿಕಾಪಿನಿಂದ, ಅಂದರೆ ಜೀನಿಗೆ ತೂಗುಬಿಟ್ಟ ಕಾಲಿಡುವ ಬಳೆಯಿಂದ, ಮುಂದಕ್ಕೆ ಜಾರಿ ಸಿಕ್ಕಿಕೊಳ್ಳದಿರಲಿ ಅಂತ. ನುಣುಪು ಅಟ್ಟೆ ಸಲೀಸಾಗಿ ಒಳಹೊರಗೆ ಹೋಗಲಿ ಅಂತ. ಅದೇ ಬೂಟು ಹಾಕಿಕೊಂಡು ಇಡೀ ದಿನ ಕಾಂಕ್ರೀಟ್ ಮೇಲೆ ನಿಂತರೆ ಕಾಲು ಬೈಯುತ್ತದೆ, ಒದ್ದೆ ನೆಲದಲ್ಲಿ ಜಾರುತ್ತದೆ ಕೂಡ. ನಡೆದಾಟಕ್ಕೆ ತಗ್ಗು ಹಿಮ್ಮಡಿ, ರಬ್ಬರ್ ಅಟ್ಟೆ ಇರುವ ರೋಪರ್ ಮಾದರಿ ವಾಸಿ. ಭಾರ ಬೀಳುವ ಕೆಲಸವಾದರೆ ಐಎಸ್‌ಒ 20345 ಗುರುತು ನೋಡಿ, ಅದು ಸುರಕ್ಷತಾ ಬೂಟುಗಳ ಅಂತರರಾಷ್ಟ್ರೀಯ ಮಾನದಂಡ. ಅದರ ಬೆರಳ ಕವಚ 200 ಜೂಲ್ ಪೆಟ್ಟು ತಡೆಯಬೇಕು. ಅಂದರೆ 20 ಕೆ.ಜಿ. ತೂಕ ಸುಮಾರು 1 ಮೀಟರ್ ಎತ್ತರದಿಂದ ಬಿದ್ದಷ್ಟು. ಒಮ್ಮೆ ಜೋರು ಪೆಟ್ಟು ಬಿದ್ದ ಬೂಟನ್ನು ಮತ್ತೆ ಕೆಲಸಕ್ಕೆ ಹಾಕಬೇಡಿ, ಹೊರಗೆ ಏನೂ ಕಾಣದಿದ್ದರೂ.

ಅಳತೆ ನೋಡುವುದು ಸಂಜೆ, ಕಾಲು ಸ್ವಲ್ಪ ಊದಿರುವಾಗ, ನಿತ್ಯ ಹಾಕುವ ಕಾಲುಚೀಲದಲ್ಲೇ. ಹೆಬ್ಬೆರಳ ಬುಡದ ಗಂಟು ಬೂಟು ಮಡಚುವ ಜಾಗಕ್ಕೇ ಸರಿಯಾಗಿ ಬರಬೇಕು. ಲೇಸಿಲ್ಲದ ಕೌಬಾಯ್ ಬೂಟನ್ನು ಹಿಡಿದಿಡುವುದು ಪಾದದ ಮೇಲ್ಭಾಗ, ಅಲ್ಲಿ ಬಿಗಿಯಾಗಿ ಕೂರಬೇಕು. ಹೊಸದರಲ್ಲಿ ಹಿಮ್ಮಡಿ ತುಸು ಮೇಲೇಳುವುದು ಸಹಜ. ತೊಗಲು ಅಗಲಕ್ಕೆ ಸ್ವಲ್ಪ ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ.

ಈಗ ಬಿರುಕಿನ ವಿಷಯ. ನನ್ನ ಮೊದಲ ಜೋಡಿಯನ್ನು ಹಾಳು ಮಾಡಿದ್ದು ನಾನೇ. ಮಳೆಯಲ್ಲಿ ತೊಯ್ದು ಬಂದಾಗ ಬೆಳಿಗ್ಗೆಗೆ ಒಣಗಲಿ ಅಂತ ಹೀಟರ್ ಮುಂದೆ ಇಟ್ಟು ಮಲಗಿದೆ. ಎದ್ದು ನೋಡಿದರೆ ಬೂಟಿನ ಮೂತಿ ಮೇಲಕ್ಕೆ ಸೊಟ್ಟಗಾಗಿತ್ತು, ತೊಗಲು ಮರದ ಹಲಗೆಯಾಗಿತ್ತು. ಬಗ್ಗಿಸಿದ ಕೂಡಲೇ ಟಕ್ ಅಂತ ಬಿರಿಯಿತು. ಒಣ ತೊಗಲು ತಡೆಯುವಷ್ಟು ಶಾಖವನ್ನು ಒದ್ದೆ ತೊಗಲು ತಡೆಯುವುದಿಲ್ಲ, ನಾರು ಕುಗ್ಗಿಬಿಡುತ್ತದೆ.

ಹಾಗಾಗಿ ನೆನೆದ ಬೂಟನ್ನು ಒರೆಸಿ, ಒಳಗಿನ ಮೆತ್ತೆ ಹೊರಗೆ ತೆಗೆಯಿರಿ. ಹಳೆ ಪತ್ರಿಕೆ ತುರುಕಿ, ಕಾಗದ ಒದ್ದೆಯಾದಂತೆಲ್ಲ ಬದಲಿಸಿ. ಅಟ್ಟೆಗೂ ಗಾಳಿ ತಾಗಲಿ, ಪಕ್ಕಕ್ಕೆ ಮಲಗಿಸಿ. ಫ್ಯಾನ್ ಗಾಳಿ ಪರವಾಗಿಲ್ಲ. ಬಿಸಿಲು, ಒಲೆ, ಹೇರ್ ಡ್ರೈಯರ್ ಬೇಡ. ಒಂದೆರಡು ದಿನ ಹಿಡಿಯುತ್ತದೆ, ಹಿಡಿಯಲಿ. ಮಳೆಯಿಲ್ಲದ ದಿನವೂ ಕಾಲಿನ ಬೆವರು ಒಳಗಿಂದ ನೆನೆಸುತ್ತಲೇ ಇರುತ್ತದೆ ಅಲ್ವಾ? ಅದಕ್ಕೇ ಸಾಧ್ಯವಾದರೆ ಒಂದು ದಿನ ಹಾಕಿ, ಒಂದು ದಿನ ಬಿಡಿ.

ಕೆಸರನ್ನು ಅಂದಂದೇ ಬ್ರಷ್‌ನಿಂದ ತೆಗೆಯಿರಿ, ವೆಲ್ಟ್ ಸಂದಿಯನ್ನು ಮರೆಯದೆ. ಅಲ್ಲಿ ಕೂತ ಮರಳು ಹೊಲಿಗೆಯ ದಾರವನ್ನು ಅರದ ಹಾಗೆ ತಿನ್ನುತ್ತದೆ. ತೊಗಲು ಬಣ್ಣ ಮಾಸಿ ಒಣಗಿದಂತೆ ಕಂಡಾಗ ಲೆದರ್ ಕಂಡಿಷನರ್ (ತೊಗಲನ್ನು ಮೆತ್ತಗಿಡುವ ಎಣ್ಣೆಯಂಶದ ಲೇಪ) ಹಚ್ಚಿ, ಅಂಗಿ ಗುಂಡಿಯಷ್ಟು ಸಾಕು. ದಿನವೂ ಹಾಕುವ ಬೂಟಿಗೆ ಎರಡು ಮೂರು ತಿಂಗಳಿಗೊಮ್ಮೆ. ಎಣ್ಣೆ ಜಾಸ್ತಿಯಾದರೆ ತೊಗಲು ಜೋತುಬಿದ್ದು ಆಕಾರ ಕೆಡುತ್ತದೆ. ಪಾಲಿಶ್ ಬರೀ ಹೊಳಪಿಗೆ, ಕಂಡಿಷನರ್ ಜಾಗದಲ್ಲಿ ಅದು ನಿಲ್ಲುವುದಿಲ್ಲ.

ನಿಮ್ಮ ಈಗಿನ ಜೋಡಿಗೆ ಬಂದರೆ, ಅಟ್ಟೆಯನ್ನು ರಿಪೇರಿಯವರ ಹತ್ತಿರ ಮತ್ತೆ ಅಂಟಿಸಿಕೊಳ್ಳಬಹುದು. ಬಿರುಕಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಕಂಡಿಷನರ್ ಹಚ್ಚಿ ಇನ್ನಷ್ಟು ದಿನ ಓಡಿಸಬಹುದು. ಸಿಕ್ಕಿಕೊಂಡರೆ ನಾರೇ ಹರಿದಿದೆ, ಅದು ಮತ್ತೆ ಕೂಡುವುದಿಲ್ಲ.